ಜಿಮ್ಮಿಯ ನೆರಳು

ಲತೀಶನ ಅನ್ನಕ್ಕೆ ಕುತ್ತು ತಂದದ್ದು ಒಂದು ನಾಯಿ. ಅದು ಅವನನ್ನು ಕಚ್ಚಲಿಲ್ಲ, ಅಟ್ಟಿಸಿಕೊಂಡು ಬರಲಿಲ್ಲ, ಒಮ್ಮೆ ಬೊಗಳಲೂ ಇಲ್ಲ. ಕಂಪ್ಯೂಟರಿನ ಒಳಗೆ, ಒಂದು ಮನೆಯ ಸಿಟ್‌ಔಟಿನ ಮೆಟ್ಟಿಲ ಮೇಲೆ ನಾಲಿಗೆ ಚಾಚಿಕೊಂಡು ಸುಮ್ಮನೆ ಕೂತಿತ್ತು.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಆರ್ಕಿಟೆಕ್ಟ್ ಕೃಷ್ಣಕುಮಾರರ ಆಫೀಸು. ಲತೀಶ ಅಲ್ಲಿ ಏಳು ವರ್ಷಗಳಿಂದ ಕಂಪ್ಯೂಟರಿನಲ್ಲಿ ಊರವರ ಮನೆ ಕಟ್ಟುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಅದರಲ್ಲಿ ‘ವಿನ್ಯಾಸ’ ಎಂದು ಬರೆದು ಮುಂದೆ ಹೆಸರು ಹಾಕುತ್ತಾರೆ. ಏಳು ವರ್ಷವೂ ಆ ಚೌಕದಲ್ಲಿ ಕೃಷ್ಣಕುಮಾರರೇ ಕಾಲು ಚಾಚಿ ಮಲಗಿದ್ದರು. ಒಮ್ಮೆ ತಾಯಿ ಅಮ್ಮುವಿಗೆ ನಕ್ಷೆ ತೋರಿಸಿದಾಗ ಅವಳು ಕನ್ನಡಕ ಏರಿಸಿ ಇಡೀ ಹಾಳೆ ಹುಡುಕಿ, “ನಿನ್ನ ಹೆಸರು ಎಲ್ಲುಂಟು ಮಗಾ?” ಎಂದು ಕೇಳಿದ್ದಳು. ಆ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಕೊನೆಗೂ ಕಾಲ ಕೂಡಿಬಂದಿತ್ತು. ಪುತ್ತಿಗೆಯ ಮೊಯಿನುದ್ದೀನ್ ಸಾಹೇಬರು ದುಬೈಯ ವ್ಯಾಪಾರವನ್ನು ತಮ್ಮನಿಗೆ ಬಿಟ್ಟು ಊರಲ್ಲಿ ಮನೆ ಕಟ್ಟಿಸಲು ಬಂದಿದ್ದರು. ಅವರ ಷರತ್ತು ಒಂದೇ: ಏಳೂರಿನಲ್ಲಿ ಅಂಥ ಮನೆ ಇನ್ನೊಂದು ಇರಬಾರದು. ಕೃಷ್ಣಕುಮಾರರು ತಮ್ಮ ಹಳೆಯ ಫೈಲೊಂದನ್ನು ತೆಗೆದುಕೊಟ್ಟು, “ಇದು ನನ್ನ ಮೊದಲ ವಿನ್ಯಾಸ. ಹದಿನಾಲ್ಕು ವರ್ಷದಿಂದ ಯಾರಿಗೂ ಕೊಟ್ಟದ್ದಲ್ಲ. ಇದನ್ನೇ ಸಾಯ್ಬ್ರಿಗೆ ಹೊಂದಿಸಿ ಮಾಡು. ಅವರು ಒಪ್ಪಿದ್ರೆ ಮೂಲೆಯಲ್ಲಿ ನಿನ್ನ ಹೆಸರು ಹಾಕುವ,” ಎಂದಿದ್ದರು.

ಆ ಮೊದಲ ವಿನ್ಯಾಸದ ಬಣ್ಣದ ಚಿತ್ರ, ಚೌಕಟ್ಟು ಹಾಕಿಸಿಕೊಂಡು ಲತೀಶನ ಮೇಜಿನ ಮೇಲಿನ ಗೋಡೆಯಲ್ಲೇ ತೂಗುತ್ತಿತ್ತು. ಮೆಟ್ಟಿಲ ಮೇಲೆ ಕಂದು ಬಣ್ಣದ ನಾಯಿ. “ನಮ್ಮ ಜಿಮ್ಮಿ,” ಎನ್ನುತ್ತಿದ್ದರು ಕೃಷ್ಣಕುಮಾರರು, “ಅದು ಸತ್ತ ವಾರ ನಾನು ಊಟ ಬಿಟ್ಟು ಕೂತು ಈ ಚಿತ್ರದಲ್ಲಿ ಅದನ್ನು ಬಿಡಿಸಿದೆ.” ವರ್ಷಕ್ಕೊಮ್ಮೆ ಆ ಚೌಕಟ್ಟಿಗೆ ಸುಪ್ರೀತಾ ಹೂ ಸಿಕ್ಕಿಸಬೇಕು. ಸುಪ್ರೀತಾ ಎಂದರೆ ಪಕ್ಕದ ಮೇಜಿನಲ್ಲಿ ನಕ್ಷೆ ಬಿಡಿಸುವವಳು. ಜಿಮ್ಮಿಯನ್ನು ಅವಳೂ ಕಂಡದ್ದಿಲ್ಲ.

ಲತೀಶನಲ್ಲಿ ಒಂದು ನೋಟ್‌ಬುಕ್ ಇತ್ತು. ಸರ್ ಹೇಳಿದ ಒಂದೊಂದು ಪಾಠವನ್ನೂ ಅದರಲ್ಲಿ ಬರೆದಿಟ್ಟುಕೊಂಡಿದ್ದ. ಮೊದಲು ಉತ್ತರ ದಿಕ್ಕನ್ನು ಸರಿ ಮಾಡಿ ಆಮೇಲೆ ಸೂರ್ಯನನ್ನು ಹಾಕಬೇಕು, ಇಲ್ಲವಾದರೆ ಪಡುವಣದ ಸಿಟ್‌ಔಟಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಗೋಡೆಗಳು ತೀರ್ಮಾನವಾಗುವ ಮೊದಲು ಬಣ್ಣದ ಚಿತ್ರ ತೋರಿಸಬಾರದು, ತೋರಿಸಿದರೆ ಮನೆ ಕಟ್ಟಿಸುವ ಪಾರ್ಟಿಯವರು ಗೋಡೆ ಬಿಟ್ಟು ಪರದೆಯ ಬಣ್ಣಕ್ಕೆ ಜಗಳ ಮಾಡುತ್ತಾರೆ. ಕೆಲಸದ ಒಂದು ಪ್ರತಿ ಯಾವಾಗಲೂ ಆಫೀಸಿನ ಹೊರಗಿರಬೇಕು. ಇನ್ನೊಂದು ಪಾಠವನ್ನು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದ: ಸಾಫ್ಟ್‌ವೇರ್ ಜೊತೆಗೆ ಬರುವ ‘ಸ್ಯಾಂಪಲ್ಸ್’ ಎಂಬ ಫೋಲ್ಡರನ್ನು ಯಾವ ಕಾರಣಕ್ಕೂ ತೆರೆಯಬಾರದು, ಅದರಲ್ಲಿ ವೈರಸ್ ಉಂಟು. ಏಳು ವರ್ಷದಲ್ಲಿ ಲತೀಶ ಅದರ ಹತ್ತಿರ ಮೌಸ್ ಕೂಡ ಒಯ್ದವನಲ್ಲ.

ಸಾಹೇಬರಿಗೆ ಚಿತ್ರ ಮೆಚ್ಚಿಗೆಯಾಯಿತು, ನಾಯಿ ಮಾತ್ರ ಆಗಲಿಲ್ಲ. “ನಾಯಿ ಇದ್ದಲ್ಲಿ ನಮಗೆ ನಮಾಜು ಆಗುದಿಲ್ಲ ಮಾರಾಯ, ಅದನ್ನು ತೆಗಿ,” ಎಂದರು. ಲತೀಶ ತೆಗೆದ. ಸಾಹೇಬರ ಹೆಂಡತಿ ನುಸ್ರತ್ ಕಣ್ಣು ಕಿರಿದು ಮಾಡಿ, “ನಾಯಿ ಹೋಯ್ತು. ಅದರ ನೆರಳು ಯಾಕೆ ಇನ್ನೂ ಕೂತಿದೆ?” ಎಂದು ಕೇಳಿದಳು. ನೆರಳು ನೆಲದ ಚಿತ್ರದಲ್ಲೇ ಅಂಟಿಕೊಂಡಿತ್ತು. ಏನು ಮಾಡಿದರೂ ಏಳಲಿಲ್ಲ. ಕೊನೆಗೆ ಅದರ ಮೇಲೊಂದು ಹೂವಿನ ಚಟ್ಟಿ ಇಟ್ಟು ಮುಗಿಸಿದ. ಚಟ್ಟಿಗೆ ಎರಡು ಕಿವಿ, ಒಂದು ಬಾಲದ ನೆರಳು. ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

ನುಸ್ರತ್ ಸಂಶಯದ ಹೆಂಗಸು. ಅಡಿಗೆಮನೆಯನ್ನು ಇಂಜಿನಿಯರನ್ನು ನಂಬಿ ಬಿಡುವವಳಲ್ಲ. ಒಲೆ ಎಲ್ಲಿ, ಸಿಂಕ್ ಎಲ್ಲಿ ಎಂದು ತಾನೇ ಮನೆಯ ಲ್ಯಾಪ್‌ಟಾಪಿನಲ್ಲಿ ಇಟ್ಟು ನೋಡಬೇಕೆಂದಳು. ಲತೀಶ ಒಳ್ಳೆಯವನಾಗಲು ಹೋಗಿ ಸಾಫ್ಟ್‌ವೇರಿನ ಸಿ.ಡಿ. ಕೊಟ್ಟು, “ಎಲ್ಲ ತೆರೀಬಹುದು ಅಕ್ಕಾ, ಸ್ಯಾಂಪಲ್ಸ್ ಅಂತ ಉಂಟಲ್ಲಾ, ಅದೊಂದು ತೆರೀಬೇಡಿ,” ಎಂದು ಎಚ್ಚರಿಸಿ ಕಳಿಸಿದ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊಯಿನುದ್ದೀನ್ ಸಾಹೇಬರು ಮೆಟ್ಟಿಲು ನಡುಗಿಸಿಕೊಂಡು ಬಂದರು. ನೇರ ಕೃಷ್ಣಕುಮಾರರ ಕೋಣೆಗೆ ನುಗ್ಗಿ ಮೊಬೈಲನ್ನು ಮೇಜಿನ ಮೇಲೆ ಬಡಿದರು.

“ಇಂಜಿನಿಯರ್ರೇ, ಇದೆಂತ? ಅನಂತಪುರದ ದಾರಿಯಲ್ಲಿ ಲೋಕಯ್ಯ ಅಂತ ಒಬ್ಬರದ್ದು ಮನೆ ಏಳ್ತಾ ಉಂಟು. ಎದುರಲ್ಲಿ ಫ್ಲೆಕ್ಸ್ ಹಾಕಿದ್ದಾರೆ. ಆ ಕಂಬ, ಆ ಸಿಟ್‌ಔಟ್, ಆ ಹಂಚಿನ ಮಾಡು, ಎಲ್ಲ ನನ್ನ ಮನೆ! ನನ್ನ ಮನೆಗೆ ಅಡಿಪಾಯದ ಕೆಸರುಕಲ್ಲು ಕೂಡ ಹಾಕಿ ಆಗ್ಲಿಲ್ಲ, ಅಲ್ಲಿ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ! ಸಂಜೆ ಐದಕ್ಕೆ ಬರ್ತೇನೆ. ಯಾರು ಕದ್ದದ್ದು ಅಂತ ಹೇಳಿ, ಇಲ್ಲದಿದ್ರೆ ನನ್ನ ಕೆಲಸ ಬೇರೆಯವರಿಗೆ.”

ಅವರು ಹೋದ ಮೇಲೆ ಕೃಷ್ಣಕುಮಾರರು ತಮ್ಮ ಮೊಬೈಲಿಗೆ ಹಾಕಿಸಿಕೊಂಡ ಚಿತ್ರವನ್ನು ದೊಡ್ಡದು ಮಾಡಿ ಎಲ್ಲರಿಗೂ ತೋರಿಸಿದರು. ಲೋಕಯ್ಯನ ಮನೆಯ ಮೆಟ್ಟಿಲ ಮೇಲೆ ಒಂದು ದಷ್ಟಪುಷ್ಟ ದನ ನಿಂತಿತ್ತು. ನೆರಳು ನೋಡಿದರೆ ಎರಡು ಕಿವಿ, ಒಂದು ಬಾಲ, ಚಾಚಿದ ನಾಲಿಗೆ.

“ಜಿಮ್ಮಿ!” ಎಂದಳು ಸುಪ್ರೀತಾ.

“ನನ್ನ ಜಿಮ್ಮಿಯ ನೆರಳಿನ ಮೇಲೆ ದನ ನಿಲ್ಲಿಸಿದ್ದಾರೆ,” ಎನ್ನುವಾಗ ಕೃಷ್ಣಕುಮಾರರ ಧ್ವನಿ ಗದ್ಗದವಾಯಿತು. “ಕಳ್ಳ ಹೊರಗಿನವನಲ್ಲ. ಇಲ್ಲೇ ಇದ್ದಾನೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಎಲ್ಲರದೂ ಆಯಿತು. ಸೈಟು ನೋಡಿಕೊಳ್ಳುವ ಹಿರಿಯ ಕೂಸಪ್ಪ, “ಕುಂಬಳೆ ಬಸ್ಸಲ್ಲಿ ಬರುವುದು ಯಾರು ಅಂತ ನೋಡಿ ಸರ್, ಮನೆ ಡಿಸೈನ್ ಮಾಡುವ ಆ ಪ್ರೇಮನಾಥನ ಆಫೀಸು ಕುಂಬಳೆಯಲ್ಲೇ ಅಲ್ವಾ, ಲೋಕಯ್ಯನ ಕೆಲಸ ಅವನದ್ದೇ,” ಎಂದು ಸುಪ್ರೀತಾಳ ಕಡೆ ನೋಡಿದ. ಸುಪ್ರೀತಾ ಸೆರಗು ಬಿಗಿದು, “ಲೋಕಯ್ಯನ ಮೇಸ್ತ್ರಿಯ ಜೊತೆ ಚಾ ಕುಡಿಯುವುದು ಯಾರು ಕೂಸಪ್ಪಣ್ಣಾ? ನಾನಾ?” ಎಂದಳು. ಇಬ್ಬರೂ ಐದು ನಿಮಿಷ ಕಚ್ಚಾಡಿ, ಸುಸ್ತಾಗಿ, ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಫೈಲನ್ನು ಮನೆಗೆ ಒಯ್ಯುವವನು ಲತೀಶ.

ಅವನ ಚೀಲ ತೆರೆಯಿಸಿದರು. ಒಳಗೆ ಹಾರ್ಲಿಕ್ಸ್ ಬಾಟ್ಲಿ, ಬಾಟ್ಲಿಯಲ್ಲಿ ಕುಚ್ಚಲಕ್ಕಿ, ಅಕ್ಕಿಯ ನಡುವೆ ಹೂತಿಟ್ಟ ಪೆನ್‌ಡ್ರೈವ್.

“ಮಳೆಗಾಲದ ತೇವ ಹಿಡಿಯಬಾರದು ಅಂತ ಅಕ್ಕಿಯಲ್ಲಿಟ್ಟದ್ದು ಸರ್! ಒಂದು ಪ್ರತಿ ಹೊರಗೆ ಇರಬೇಕು ಅಂತ ನೀವೇ ಹೇಳಿದ್ದಲ್ವಾ?”

“ಹೊರಗೆ ಅಂದ್ರೆ ಕುಂಬಳೆಯಲ್ಲಿ ಅಂತ ಹೇಳಿದ್ದೇನಾ?” ಎಂದರು ಕೃಷ್ಣಕುಮಾರರು. “ನೋಡು ಲತೀಶಾ, ಐದು ಗಂಟೆಯ ಒಳಗೆ ನೀನಲ್ಲ ಅಂತ ತೋರಿಸು. ಇಲ್ಲದಿದ್ರೆ ನಾಳೆಯಿಂದ ಬರಬೇಡ. ಮೂಲೆಯಲ್ಲಿ ಹೆಸರು ಬೇಕಿತ್ತಂತೆ ಇವನಿಗೆ!”

ಲತೀಶನಿಗೆ ಕಣ್ಣಲ್ಲಿ ನೀರು ಬಂತು. ಕೊಡೆ ಹಿಡಿದು ಇಳಿದು, ಸಿಕ್ಕಿದ ಬಸ್ಸು ಹತ್ತಿ ಅನಂತಪುರಕ್ಕೆ ಹೋದ.

ಲೋಕಯ್ಯನ ಮನೆಯ ಎದುರು ನಿಂತು ಫ್ಲೆಕ್ಸಿನ ಫೋಟೋ ತೆಗೆಯುತ್ತಿದ್ದಂತೆ ಕೆಂಪುಕಲ್ಲಿನ ರಾಶಿಯ ಹಿಂದಿನಿಂದ ಲೋಕಯ್ಯನೇ ಎದ್ದುಬಂದ. ಮಾರ್ಗದಿಂದ ಬಿಡಬೇಕಾದಷ್ಟು ಜಾಗ ಬಿಡದೆ ಕಟ್ಟುತ್ತಿದ್ದ ಮನುಷ್ಯ. ಕೊಡೆ ಹಿಡಿದವರೆಲ್ಲ ಅವನ ಕಣ್ಣಿಗೆ ಪಂಚಾಯತಿನವರೇ.

“ಎಂತ ಅಳತೆ ಮಾಡುವುದು? ಯಾರು ಕಂಪ್ಲೇಂಟ್ ಕೊಟ್ಟದ್ದು? ಆಚೆಮನೆಯ ಮೋಹಿನಿಯಾ?”

“ಇಲ್ಲ ಯಜಮಾನ್ರೇ, ನಾನು ಆ ನಾಯಿಯನ್ನು ನೋಡ್ಲಿಕ್ಕೆ ಬಂದದ್ದು.”

“ಯಾವ ನಾಯಿ? ಅದು ದನ!”

“ದನ ಹೌದು. ನೆರಳು ನಾಯಿಯದ್ದು.”

ಲೋಕಯ್ಯ ಫ್ಲೆಕ್ಸಿನ ಹತ್ತಿರ ಹೋಗಿ ನೋಡಿದ. ಎರಡು ತಿಂಗಳಿಂದ ಊರಿಗೆಲ್ಲ ತೋರಿಸಿದ ಚಿತ್ರ. ಅವನ ಮುಖ ಇಳಿಯಿತು. “ಇದು ಮೋಹಿನಿ ಮಾಡಿಸಿದ್ದೇ. ಕೆಲಸ ಅರ್ಧದಲ್ಲಿ ನಿಲ್ಲಬೇಕು ಅಂತ ಎಂತದೋ ಮಾಟ ಮಾಡಿಸಿದ್ದಾಳೆ,” ಎಂದು ಪಿಕ್ಕಾಸಿನ ಹಿಡಿ ಎತ್ತಿದ. ಅದು ಮೋಹಿನಿಗೋ ತನಗೋ ಎಂದು ಕೇಳುತ್ತ ನಿಲ್ಲದೆ ಲತೀಶ ಗದ್ದೆಯ ಬದುವಿನಲ್ಲಿ ಓಡಿದ. ಒಂದು ಚಪ್ಪಲಿ ಕೆಸರಿಗೆ ಹೋಯಿತು.

ಒಂಟಿ ಚಪ್ಪಲಿಯಲ್ಲಿ ಕುಂಬಳೆಗೆ ಬಂದು ಪ್ರೇಮನಾಥನ ಆಫೀಸಿಗೆ ಕಾಲಿಟ್ಟ. ಪ್ರೇಮನಾಥ ಅವನನ್ನು ಕಂಡದ್ದೇ ಕಂಪ್ಯೂಟರಿನ ಮೇಲೆ ಟವೆಲ್ ಮುಚ್ಚಿದ.

“ಕಾಸರಗೋಡಿನವನಲ್ವಾ ನೀನು? ನಿನ್ನ ಸರ್ ಕಳಿಸಿದ್ದಾ? ನನ್ನ ಡಿಸೈನ್ ಕದೀಲಿಕ್ಕೆ ಬಂದದ್ದಾ?”

“ಪ್ರೇಮಣ್ಣಾ, ನಿಮಗೆ ದೇವರಾಣೆ,” ಎಂದು ಲತೀಶ ಅಲ್ಲೇ ಕೂತುಬಿಟ್ಟ. “ಆ ನಾಯಿ ನಿಮಗೆ ಯಾರು ಕೊಟ್ಟದ್ದು, ಅಷ್ಟು ಹೇಳಿ. ನನ್ನ ಕೆಲಸ ಹೋಗ್ತದೆ.”

ಪ್ರೇಮನಾಥ ಅವನ ಮುಖ ನೋಡಿದ, ಚಪ್ಪಲಿಯಿಲ್ಲದ ಕಾಲು ನೋಡಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. “ಯಾರು ಕೊಡ್ಲಿಕ್ಕೆ ಮಾರಾಯ? ಅದು ಸಾಫ್ಟ್‌ವೇರ್ ಜೊತೆಗೇ ಬರುವುದಲ್ವಾ!” ಟವೆಲ್ ತೆಗೆದು ‘ಸ್ಯಾಂಪಲ್ಸ್’ ಎಂಬ ಫೋಲ್ಡರಿನ ಮೇಲೆ ಎರಡು ಸಲ ಒತ್ತಿದ.

ಲತೀಶ ಕಣ್ಣು ಮುಚ್ಚಿಕೊಂಡ. ವೈರಸ್ ಏನೂ ಬರಲಿಲ್ಲ. ಕಣ್ಣು ತೆರೆದರೆ ಎದುರಿಗೆ ಸರ್ ಅವರ ಮೊದಲ ವಿನ್ಯಾಸ. ಅದೇ ಕಂಬ, ಅದೇ ಮಾಡು. ಮೆಟ್ಟಿಲ ಮೇಲೆ ಜಿಮ್ಮಿ ನಾಲಿಗೆ ಚಾಚಿ ಕೂತಿತ್ತು.

“ಹಳೆ ಸಾಫ್ಟ್‌ವೇರಿನಲ್ಲೂ ಇದೇ ಮನೆ, ಹೊಸದರಲ್ಲೂ ಇದೇ,” ಎಂದ ಪ್ರೇಮನಾಥ. “ನಾಯಿ ತೆಗೀಬಹುದು. ನೆರಳು ಏಳುದಿಲ್ಲ ನೋಡು. ನಾನು ದನ ನಿಲ್ಲಿಸಿದೆ. ನೀನೆಂತ ಇಟ್ಟೆ?”

“ಚಟ್ಟಿ,” ಎಂದ ಲತೀಶ ಸಣ್ಣ ಧ್ವನಿಯಲ್ಲಿ.

ಪ್ರೇಮನಾಥನೇ ಅದರ ಒಂದು ಪ್ರತಿ ಛಾಪಿಸಿ ಕೊಟ್ಟ. ಬಸ್ಸಿನಲ್ಲಿ ಲತೀಶ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ಯೋಚಿಸಿದ. ಹದಿನಾಲ್ಕು ವರ್ಷ ಹೇಳಿದ ಸುಳ್ಳನ್ನು ಸರ್ ತಾವೇ ನಂಬಿ ಅತ್ತುಬಿಟ್ಟಿದ್ದರು. ಇದನ್ನು ಸಾಹೇಬರ ಎದುರು ತೋರಿಸಿದರೆ ಕಳ್ಳತನದ ಹೆಸರು ಹೋಗುತ್ತದೆ, ಜೊತೆಗೆ ಆಫೀಸೂ ಹೋಗುತ್ತದೆ. ತೋರಿಸದಿದ್ದರೆ ತಾನು ಹೋಗಬೇಕು. ಅತ್ತ ದರಿ, ಇತ್ತ ಪುಲಿ. ಕಾಸರಗೋಡು ಬಂದರೂ ತೀರ್ಮಾನ ಬರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇತ್ತು. ಸಾಹೇಬರು ಆಗಲೇ ಕೋಣೆಯಲ್ಲಿ ಕೂತಿದ್ದರು. ಕೂಸಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಲತೀಶ ಮಡಿಸಿದ ಕಾಗದವನ್ನು ಕೃಷ್ಣಕುಮಾರರ ಮುಂದಿಟ್ಟ. ಅವರು ಒಂದು ಮಡಿಕೆ ಬಿಡಿಸಿದರು. ಎರಡು ಕಿವಿ ಕಂಡವು, ಪಕ್ಕದಲ್ಲಿ ‘ಸ್ಯಾಂಪಲ್’ ಎಂಬ ಅಕ್ಷರಗಳೂ ಕಂಡವು. ಮುಂದಿನ ಮಡಿಕೆ ಬಿಡಿಸದೆ ಕಾಗದವನ್ನು ಜೇಬಿಗೆ ಹಾಕಿಕೊಂಡು ಅವರು ಒಂದು ಲೋಟ ನೀರು ಕುಡಿದರು.

“ಸಾಯ್ಬ್ರೇ,” ಎಂದರು ಆಮೇಲೆ, ತುಂಬ ಪ್ರೀತಿಯಿಂದ, “ನನ್ನ ಹುಡುಗರಲ್ಲಿ ಕಳ್ಳರಿಲ್ಲ. ಒಳ್ಳೆ ಕೆಲಸ ಕಂಡ್ರೆ ಊರವರು ನಕಲು ಮಾಡ್ತಾರೆ, ಅಷ್ಟೇ. ಎದುರಿನ ಭಾಗ ಹೊಸತು ಮಾಡಿ ಕೊಡುವ. ಮತ್ತೆ ಒಂದು ಸತ್ಯ ಹೇಳ್ತೇನೆ. ಈ ವಿನ್ಯಾಸದಲ್ಲಿ ನನ್ನದು ಎಂತದೂ ಇಲ್ಲ. ಆರಂಭದಿಂದ ಕೊನೆಯವರೆಗೆ ಇವನದ್ದೇ. ಲತೀಶಾ, ಮೂಲೆಯಲ್ಲಿ ನಿನ್ನ ಹೆಸರು ಹಾಕಿ ತಾ. ಈಗಲೇ.”

ಬಾಯಿ ಮುಚ್ಚಲು ಕೊಟ್ಟ ಬೆಲೆ ಇದು ಎಂದು ಲತೀಶನಿಗೆ ಗೊತ್ತಾಗದೆ ಇರಲಿಲ್ಲ. ಆದರೂ ಎದೆ ಉಬ್ಬಿತು. ತನ್ನ ಮೇಜಿಗೆ ಹೋಗಿ ಚೌಕದಲ್ಲಿ ಹೆಸರು ಕುಟ್ಟಿದ. ಅಕ್ಷರದ ಗಾತ್ರ ಎರಡು ಅಂಕಿ ಹೆಚ್ಚಿಸಿದ. ತಾಯಿಗೆಂದು ಇನ್ನೊಂದು ಪ್ರತಿಯನ್ನೂ ತೆಗೆದ. ತಲೆಯೆತ್ತಿದರೆ ಗೋಡೆಯಲ್ಲಿ ಚೌಕಟ್ಟು ಇರಲಿಲ್ಲ. ಸರ್ ಈ ಕಡೆಯಿಂದ ಹಾದುಹೋದದ್ದು ಯಾವಾಗ ಎಂದೂ ತಿಳಿಯಲಿಲ್ಲ. ಖಾಲಿ ಮೊಳೆ ಮಾತ್ರ ಉಳಿದಿತ್ತು.

ಹಾಳೆ ತಂದು ಸಾಹೇಬರ ಮುಂದೆ ಹರಡಿದ. ಅವರು ಸಮಾಧಾನವಾಗಿ ಸಹಿ ಹಾಕಲು ಪೆನ್ನು ತೆಗೆದಾಗ ಮೊಬೈಲು ಟಿಂಗ್ ಎಂದಿತು. ನುಸ್ರತ್ ಕಳಿಸಿದ ಧ್ವನಿಸಂದೇಶ. ಸಾಹೇಬರು ಒತ್ತಿದರು, ಕೋಣೆಗೆಲ್ಲ ಕೇಳಿತು.

“ಆ ಹುಡುಗ ಸ್ಯಾಂಪಲ್ಸ್ ನೋಡ್ಬೇಡಿ ಅಂತ ಹೇಳಿದ್ನಲ್ಲಾ, ಆಗಲೇ ನನಗೆ ಸಂಶಯ. ಅದನ್ನೇ ಮೊದಲು ತೆರೆದೆ. ಒಳಗೆ ನಮ್ಮ ಮನೆ ಉಂಟು! ಸಿ.ಡಿ. ಹಾಕಿದವರಿಗೆಲ್ಲ ಸಿಗ್ತದಂತೆ. ನಾಯಿಯೂ ಉಂಟು. ಫೋಟೋ ಕಳಿಸಿದ್ದೇನೆ, ನೋಡಿ.”

ಸಾಹೇಬರು ನೋಡಿದರು. ಗಾಜಿನ ಬಾಗಿಲಾಚೆ ಸುಪ್ರೀತಾ ಖಾಲಿ ಮೊಳೆಯನ್ನು ಒಮ್ಮೆ, ಸರ್ ಅವರನ್ನು ಒಮ್ಮೆ ನೋಡಿದಳು. ಅವಳ ಊಟವೂ ಅದೇ ಆಫೀಸಿನಿಂದಲೇ ಆಗಬೇಕಾದ್ದರಿಂದ ಕೀಬೋರ್ಡಿನ ಧೂಳು ಒರೆಸತೊಡಗಿದಳು.

ಕೃಷ್ಣಕುಮಾರರು ಕುರ್ಚಿಯಿಂದ ಎದ್ದರು. ಮುಖದಲ್ಲಿ ಮಗ ಕೆಟ್ಟುಹೋದ ತಂದೆಯ ಸಂಕಟ.

“ಲತೀಶಾ, ಆ ಫೋಲ್ಡರ್ ತೆರೀಬಾರದು ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ? ಬೇಕಾದ್ರೆ ಇವನ ನೋಟ್‌ಬುಕ್ ನೋಡಿ ಸಾಯ್ಬ್ರೇ, ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾನೆ.”

“ಹೌದು, ನಾನು ಕಂಡಿದ್ದೇನೆ,” ಎಂದ ಕೂಸಪ್ಪ. “ಎರಡು ಗೆರೆ ಕೂಡ ಎಳೆದಿದ್ದಾನೆ.”

ಮೊಯಿನುದ್ದೀನ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಹಾಳೆಯನ್ನು ಹತ್ತಿರ ಎಳೆದುಕೊಂಡು, ಬಲಮೂಲೆಯ ಚೌಕದ ಮೇಲೆ ಬೆರಳಿಟ್ಟು, ದೊಡ್ಡ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಏಳು ವರ್ಷದಿಂದ ಲತೀಶ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಕೇಳಿದರು.

“ಲತೀಶ ಅಂದ್ರೆ ನೀನೇ ಅಲ್ವಾ?”

“ಹೌದು ಸಾಯ್ಬ್ರೇ,” ಎಂದ ಲತೀಶ. “ನಾನೇ.”