ಮಾವನ ಹುಣಸೆ ದಿಮ್ಮಿ

ನಮ್ಮ ಸೋದರಮಾವನಷ್ಟು ಶುಚಿಯಾದ ಕೋಳಿ ಅಂಗಡಿಯವನನ್ನು ಪಾಂಡವಪುರ ಕಂಡಿರಲಿಕ್ಕಿಲ್ಲ. ನಮ್ಮ ಮನೆಯ ದುಃಖ ಆ ಶುಚಿಯಿಂದಲೇ ಶುರುವಾಯಿತು ಎಂದರೆ ನಂಬುತ್ತೀರಾ? ಇದು ತೊಂಬತ್ತರ ದಶಕದ ನಡುವಿನ ಮಾತು. ವಾರ, ದಿನಗಳು ನನ್ನ ತಲೆಯಲ್ಲಿ ಹಿಂದುಮುಂದಾಗಿರಬಹುದು. ಕೆಲವು ಕಡೆ ನನಗೆ ಅನುಕೂಲವಾಗುವಂತೆಯೇ ಹಾಗಾಗಿದೆಯೇನೋ ಎಂಬ ಗುಮಾನಿಯೂ ಇದೆ.

ಮಾವನ ಪ್ರಾಣವಿದ್ದದ್ದು ಕೋಳಿ ಕತ್ತರಿಸುವ ಹುಣಸೆ ದಿಮ್ಮಿಯಲ್ಲಿ. ದಿನಕ್ಕೆ ಐದು ಸಲ ಅದಕ್ಕೆ ನೀರೆರೆದು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದ. ಗಿರಾಕಿಗಳು ಚೀಲ ಹಿಡಿದು ನಿಂತಿರುತ್ತಿದ್ದರು.

"ಅಣ್ಣೋ, ಕೋಳಿ ಕೊಟ್ಟೀಯಾ, ಇಲ್ಲ ಇದ್ರ ಸ್ನಾನ ಮುಗಿಯೋಗಂಟ ನಿಂತ್ಕಳನಾ?"

"ನಿಂತ್ಕೊ ಕಣ್ಲಾ. ನೀನು ಮೈ ತೊಳ್ದು ಎಷ್ಟು ದಿನ ಆಯ್ತೋ, ಇದ್ನಾರ ನೋಡಿ ಕಲಿ."

ಸಂಜೆ ಕೊನೆಯ ಸ್ನಾನವಾದ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಬೇಸಿಗೆಯಲ್ಲಿ ಗೋಣಿ ಒಣಗೀತೆಂದು ಊಟದ ನಡುವೆ ಎದ್ದು ಹೋಗಿ ನೀರು ಚಿಮುಕಿಸಿ ಬರುತ್ತಿದ್ದ. "ಹುಣ್ಸೆ ಮರ ಒಣುಗುದ್ರೆ ಸೀಳ್ತದೆ ಕಣವ್ವ, ತ್ಯಾವ ಇರ್ಬೇಕು" ಎಂದು ನನಗೆ ಪಾಠ. ಅತ್ತೆಯ ದೂರು ಬೇರೆ: "ನನ್ ಬಾಣಂತನ್ದಲ್ಲಿ ಒಂದಿನ ಕಂಬ್ಳಿ ಹೊದ್ಸಿಲ್ಲ, ಮರಕ್ಕೆ ಗೋಣಿ ಹೊದುಸ್ತಾರೆ ನೋಡು."

ನಾನಾಗ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅಡುಗೆಮನೆ, ಕಸಾಯಿಖಾನೆಗಳಲ್ಲಿ ಮರ, ಸ್ಟೀಲು, ಪ್ಲಾಸ್ಟಿಕ್ಕಿನ ಮೇಲೆ ಹೇಗೆ ನೆಲೆಯೂರುತ್ತದೆ ಎಂಬುದು ನನ್ನ ಪ್ರಾಜೆಕ್ಟು. ಅವು ಒಂದಕ್ಕೊಂದು ಅಂಟಿಕೊಂಡು, ಮೇಲೆ ಲೋಳೆಯ ಹೊದಿಕೆ ಹೊದ್ದು ಕೂತರೆ ತಣ್ಣೀರಿಗೆ ಜಗ್ಗುವುದಿಲ್ಲ. ತೇವ ಬೇಕು, ಹದವಾದ ಸೆಕೆ ಬೇಕು, ತಿನ್ನಲು ಮಾತ್ರ ಹೆಚ್ಚಿರಬಾರದು. ಹೊಟ್ಟೆ ತುಂಬಿದವಕ್ಕಿಂತ ಅರೆಹೊಟ್ಟೆಯವಕ್ಕೇ ಒಗ್ಗಟ್ಟು ಜಾಸ್ತಿ. ಓದುತ್ತ ಓದುತ್ತ ಅಂಗಡಿ ಕಣ್ಣಿಗೆ ಕಟ್ಟಿತು. ತೊಳೆದು, ತಿನ್ನಲು ಚೂರೇ ಚೂರು ಉಳಿಸಿ, ಒದ್ದೆ ಗೋಣಿ ಹೊದಿಸಿ ಮಲಗಿಸುವ ಇಂಥ ಮಾವ ಅವಕ್ಕೆ ಇನ್ನೆಲ್ಲಿ ಸಿಕ್ಕಾನು?

ಹತ್ತಿ ಸುತ್ತಿದ ಕಡ್ಡಿಯಿಂದ ದಿಮ್ಮಿಯ ಬಿರುಕುಗಳನ್ನು ಒರೆಸಿಕೊಂಡೆ.

"ನಿಮ್ಮಪ್ಪ ಅಷ್ಟು ಓದ್ಸಿದ್ದು ಇದ್ರ ಕಿವಿ ಗುಗ್ಗೆ ತಗಿಯಕಾ?" ಎಂದ ಮಾವ. ಅಂಗಡಿ ತುಂಬ ನಗು. ನಾನೂ ನಕ್ಕೆ.

ಲ್ಯಾಬಿನ ತಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಎದ್ದವು, ಸಾಲ್ಮೊನೆಲ್ಲಾ ಇರಬಹುದೆಂಬುದಕ್ಕೆ ಮೊದಲ ಗುರುತು. ಇನ್ನೂ ಒಂದೆರಡು ಪರೀಕ್ಷೆ ಬಾಕಿಯಿತ್ತು. ಖಚಿತವಾಗುವವರೆಗೆ ಯಾರಿಗೂ ಹೇಳಬೇಡ ಎಂದರು ನಮ್ಮ ಮೇಷ್ಟ್ರು. ಅಂದರೋ, ಆಮೇಲೆ ನಾನೇ ಅವರ ಬಾಯಲ್ಲಿ ಆ ಮಾತಿಟ್ಟೆನೋ? ಆ ವಾರವೇ ಮಾವನ ಮಗಳ ಮದುವೆ. ಮದುವೆ ಮನೆಯಲ್ಲಿ ಮಾವನ ಮುಖ ಸಣ್ಣಗಾಗುವುದು ನನಗೆ ಬೇಡವಾಗಿತ್ತು. ಇದಂತೂ ನೆನಪಿದೆ.

ಮದುವೆಯ ಮಾರನೇ ದಿನ ಊರ ಛತ್ರದಲ್ಲಿ ನಾಗಮಂಗಲದ ಬೀಗರಿಗೆ ಬಾಡೂಟ. ಬೇರೆ ದಿಮ್ಮಿಯಲ್ಲಿ ಮಾವನ ಕೈ ಓಡುತ್ತದೆಯೇ? ಹೆಣ್ಣುಗಂಡು ಬಾಡಿಗೆ ಕಾರಿನಲ್ಲಿ ಬಂದರೆ, ದಿಮ್ಮಿ ಗೋಣಿ ಹೊದ್ದು ಟ್ರಾಕ್ಟರಿನಲ್ಲಿ ಬಂತು. ಕೋಳಿ ಕತ್ತರಿಸಿ ಮುಗಿದ ಮೇಲೆ ಮಾವ ಎರಡು ಕೊಡ ನೀರು ಹುಯ್ದು, ಅದರ ಮೇಲೆಯೇ ಮೊಸರುಬಜ್ಜಿಗೆ ಸೌತೆಕಾಯಿ ಕೊಚ್ಚತೊಡಗಿದ. ಕೋಳಿಯಾದರೆ ಸಾರಿನಲ್ಲಿ ಕುದಿಯುತ್ತದೆ. ಸೌತೆಕಾಯಿ?

"ಮಾವ, ಅದ್ನ ಬೇರೆ ಮಣೆ ಮೇಲೆ..." ಎಂದೆ.

"ಓಗವ್ವ, ಬೀಗ್ರು ಕಾಯ್ತಾವ್ರೆ, ಎಲೆ ಆಕೋಗು."

ಎಲೆ ಹಾಕಲು ಹೋದೆ. ನನ್ನ ಎಲೆಗೆ ಮಾತ್ರ ಮೊಸರುಬಜ್ಜಿ ಬಡಿಸಿಕೊಳ್ಳಲಿಲ್ಲ.

ಎರಡು ದಿನದೊಳಗೆ ಹಲವರಿಗೆ ಭೇದಿ, ಜ್ವರ. "ಬಾಡು ಕಂಡಿಲ್ದೋರಂಗೆ ತಿಂದ್ಬುಟ್ಟವ್ರೆ" ಎಂದು ನಮ್ಮವರು ಬೀಗರನ್ನು ಆಡಿಕೊಂಡರು. ಬೀಗರೆಲ್ಲ ಎದ್ದು ಓಡಾಡಿದರು. ಏಳದೆ ಹೋದವಳು ಮಾವನ ತಾಯಿ, ನನ್ನ ಅಜ್ಜಿ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಅಷ್ಟೇ. "ವಯ್ಸಾಗಿತ್ತು ಬುಡು" ಎಂದಿತು ಊರು. ಯಾರೂ ಏನನ್ನೂ ಪರೀಕ್ಷೆಗೆ ಕಳಿಸಲಿಲ್ಲ. ಹಾಗಾಗಿ ಕಾರಣ ಇದೇ ಎಂದು ಹೇಳಲು ನನಗೂ ಬಾಯಿಲ್ಲ.

ತಿಥಿ ಕಳೆದ ಮೇಲೆ ಮಾವನಿಗೆ ಎಲ್ಲ ಹೇಳಿದೆ, ಚುಕ್ಕೆಗಳನ್ನೂ, ನಾನು ಸುಮ್ಮನಿದ್ದದ್ದನ್ನೂ. ಬೈಯಲಿ ಎಂದು ಕಾದೆ. ಮಾವ ಬೈಯಲಿಲ್ಲ. ನನ್ನ ತಲೆ ಸವರಿ, "ಇಷ್ಟು ದಿನ ಇದ್ನ ಒಬ್ಳೇ ಮನ್ಸಲ್ಲಿ ಇಟ್ಕಂಡಿದ್ಯಾ ಮಗ?" ಎಂದ.

ಹಲ್ಲಿಲ್ಲದ ಅಜ್ಜಿಗೆ ಅವತ್ತು ಮಾವನೇ ಪಕ್ಕದಲ್ಲಿ ಕೂತು, ಅನ್ನ ಮಿದ್ದು ತುತ್ತು ಕೊಟ್ಟಿದ್ದ. ಆ ಎಲೆಯಲ್ಲಿ ಏನೇನಿತ್ತು ಎಂದು ಎಷ್ಟು ನೆನೆದರೂ ನನಗೆ ಕಾಣುವುದಿಲ್ಲ. ಅದಕ್ಕೇ ಕೇಳಿಬಿಟ್ಟೆ.

"ಮಾವ, ಅಜ್ಜಿ ಮೊಸರುಬಜ್ಜಿ ತಿಂದಿತ್ತಾ?"