ಪರ್ಮಿಟ್ ಇಲ್ಲದೆ ಟೇಲರ್ ಬದಲಿಸಿದ್ದು

ಈ ವಯಸ್ಸಿನಲ್ಲಿ ಕನ್ಫೆಸ್ ಮಾಡಲು ನನ್ನ ಬಳಿ ದೊಡ್ಡ ಪಾಪಗಳೇನೂ ಉಳಿದಿಲ್ಲ. ಇರುವುದೊಂದೇ: ಒಂದು ವರ್ಷದಿಂದ ರಾಣೆಬೆನ್ನೂರಿನಲ್ಲಿ ಒಬ್ಬ ಟೇಲರಿಗೆ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ. ಮಾಬುಸಾಬರು ಮೂವತ್ತು ವರ್ಷ ನನ್ನ ಬ್ಲೌಸ್ ಹೊಲಿದವರು. ಅವರ ಕಣ್ಣು ಮಂಜಾದ ಮೇಲೆ ಎಡತೋಳಿಗೂ ಬಲತೋಳಿಗೂ ಸಂಬಂಧವೇ ಇಲ್ಲದಂತಾಯಿತು. ಹೇಳಲು ಧೈರ್ಯವಾಗದೆ ಸ್ಟೇಷನ್ ರೋಡಿನ ಮಂಜುನಾಥನ ಅಂಗಡಿ ಸೇರಿಕೊಂಡೆ. ಅಂದಿನಿಂದ ಮಾರ್ಕೆಟ್ಟಿಗೆ ಹೋಗುವಾಗ ಆಟೋದವನಿಗೆ ಸುತ್ತುದಾರಿಯೇ ಹೇಳುವುದು. "ಯಾಕ್ರೀ ಅಮ್ಮಾರ, ಆ ಓಣ್ಯಾಗ ಯಾರಿಗರ ಹೆದರ್ತೀರೇನ್ರಿ?" ಎಂದು ಅವನು ನಗುತ್ತಾನೆ.

ಇಂಥವಳ ಹತ್ತಿರ ಮೊಮ್ಮಗಳು ನಂದಿನಿ, ಯೂನಿವರ್ಸಿಟಿ ಬದಲಿಸುವ ಕುರಿತು ಫೋನಿನಲ್ಲಿ ಅಡ್ವೈಸ್ ಕೇಳಿದಳು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ರಿಸರ್ಚ್ ಮಾಡುತ್ತೇನೆಂದು ಕೆನಡಾಕ್ಕೆ ಹೋದವಳು ಆಕೆ. ಅಲ್ಲಿ ಮೆಣಸಿನಕಾಯಿ ಬಲ್ಲ ಗೈಡ್ ರಿಟೈರ್ ಆದರು. ಉಳಿದವರು ರಿಸರ್ಚಿಗೆಂದು ಅವಳ ಕೈಗೆ ಸಾಸಿವೆ ಕೊಟ್ಟರು. ಬೇರೊಂದು ಯೂನಿವರ್ಸಿಟಿ ಮೆಣಸಿನಕಾಯಿಗೇ ಸೀಟು ಕೊಡಲು ಒಪ್ಪಿತ್ತು.

"ಟಿಸಿ ಇಸ್ಕೊಂಡೀಯೇನವಾ?" ಎಂದೆ.

"ಇಲ್ಲೆ ಟಿಸಿ ಇರೂದಿಲ್ಲ ಅಜ್ಜಿ. ಸ್ಟಡಿ ಪರ್ಮಿಟ್‌ನ್ಯಾಗ ಹಳೇ ಯೂನಿವರ್ಸಿಟಿ ಹೆಸರೈತಿ. ಹೊಸಾದಕ್ಕ ಸೇರಬೇಕಂದ್ರ ಹೊಸಾ ಪರ್ಮಿಟ್ಟ ಬೇಕು."

"ಮೊದ್ಲ ಹೋಗಿ ಕ್ಲಾಸಿನ್ಯಾಗ ಕುಂದ್ರು. ಕಾಗದಾ ಹಿಂದಿಂದ ಬರ್ತಾವು."

ನಮ್ಮ ಕಡೆ ಎಲ್ಲರೂ ಕಲಿತದ್ದು ಹಾಗೆಯೇ. ನಾನೇ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಟಿಸಿ ಇಲ್ಲದೆ ದಸರಾ ರಜೆಯವರೆಗೆ ಕೂತಿದ್ದೆ. ಸಿಸ್ಟರ್ ದಿನಾ ಬೆಳಿಗ್ಗೆ "ಟುಮಾರೋ, ಚೈಲ್ಡ್?" ಎಂದು ಕೇಳುತ್ತಿದ್ದರು, ಅಷ್ಟೆ. ಆ ಟುಮಾರೋ ಎಷ್ಟು ಉದಾರವಾಗಿತ್ತು!

"ಏ ಅಜ್ಜಿ, ಪರ್ಮಿಟ್ ಬರೂಕಿಂತ ಮೊದ್ಲ ಕುಂತ್ರ ರೂಲ್ಸ್ ಮುರದಂಗ. ನಿನ್ನ ಮಾತ ಕೇಳಿದ್ರ ಸೀದಾ ರಾಣೆಬೆನ್ನೂರಿಗೇ ಬರ್ತೇನಿ!"

ಅರ್ಜಿಯ ಜೊತೆಗೆ ಹೊಸ ಸೀಟಿನ ಪತ್ರ, ಬ್ಯಾಂಕಿನ ಕಾಗದ, ಯಾಕೆ ಬದಲಿಸುತ್ತೀ ಎಂಬುದಕ್ಕೊಂದು ಲೆಟರ್ ಆಫ್ ಎಕ್ಸ್‌ಪ್ಲನೇಶನ್ ಬೇಕಂತೆ. ಆಕೆ ಬರೆದು ನನಗೆ ಓದಿ ಹೇಳಿದ್ದು ನಾಲ್ಕು ಪುಟ. ಅದರಲ್ಲಿ ಮೂರೂವರೆ ಪುಟ ಹಳೆಯವರ ಮೇಲಿನ ದೂರು. ನನ್ನೊಳಗಿನ ಕಾನ್ವೆಂಟ್ ಎದ್ದು ನಿಂತಿತು.

"ಬಿಟ್ಟ ಬರೂ ಮನೀಗೆ ಬೈಬಾರದವಾ. ಮೆಣಸಿನಕಾಯಿ ಕಲೀಲಿಕ್ಕೆ ಬಂದೆ, ಕಲಸೋರು ಹೋದ್ರು, ಅದಕ್ಕ ಹೊಂಟೇನಿ ಅಂತ ಖರೇ ಇದ್ದದ್ದ ಬರಿ. ನೆಟ್ಟಗ ಹೇಳಿದ್ರ ಯಾರೂ ಬ್ಯಾಸರಾ ಮಾಡ್ಕೊಳ್ಳೂದಿಲ್ಲ."

ಪತ್ರ ಒಂದು ಪುಟಕ್ಕಿಳಿಯಿತು. ಆಮೇಲೆ ಕಾಯುವುದು. ಸೆಮಿಸ್ಟರ್ ಶುರುವಾಗುವುದರೊಳಗೆ ಪರ್ಮಿಟ್ ಬರದಿದ್ದರೆ ಸೀಟೇ ಕೈತಪ್ಪುತ್ತಿತ್ತು. ಐದೇ ದಿನ ಉಳಿದಾಗ ಫೋನ್ ಬಂತು. "ಬಂತು ಅಜ್ಜಿ, ಬಂತು!" ಎಂದು ಕುಣಿದವಳು, ಉಸಿರು ತಿರುಗಿಸಿಕೊಂಡು ಕೇಳಿದಳು: "ಮತ್ತ ಮಾಬುಸಾಬರಿಗೆ ನಿನ್ನ ಲೆಟರ್ ಯಾವಾಗ?"

ನನ್ನ ಗುಟ್ಟನ್ನು ಆಕೆಗೊಬ್ಬಳಿಗೇ ಹೇಳಿದ್ದೆ. ಹೇಳಬಾರದಿತ್ತು.

ಮರುದಿನ ದಾರಿಯುದ್ದಕ್ಕೂ ಎಕ್ಸ್‌ಪ್ಲನೇಶನ್ ಬಾಯಿಪಾಠ ಮಾಡುತ್ತಾ ಆ ಓಣಿಗೆ ಹೋದೆ. "ಬರ್ರಿ ಬಾಯಾರ, ಕುಂದ್ರಿ" ಎಂದು ಮಾಬುಸಾಬರು ಸ್ಟೂಲ್ ಸರಿಸಿದರು.

"ಮಾಬುಸಾಬ, ಅದು... ನಿಮ್ಮ ಕಣ್ಣು..."

"ಗೊತ್ತೈತ್ರಿ. ನೀವು ಆ ಕಡೆ ಹೋದ ಮರುದಿನಾನ ಮಂಜುನಾಥಗ ನಿಮ್ಮ ಅಳತಿ ಚೀಟಿ ಕೊಟ್ಟ ಬಂದೇನ್ರಿ. ಎಡಭುಜ ಒಂದ ಬೆರಳು ತಗ್ಗೈತಿ ಅಂತನೂ ಬರಸೇನಿ. ಇಲ್ಲಂದ್ರ ಅಂವ ಕೆಡಸ್ತಿದ್ದ."

ಮೊದಲ ಬ್ಲೌಸಿಗೇ ಅಳತೆ ಹಿಡಿದ ಮಂಜುನಾಥನನ್ನು ನಾನು ಊರ ತುಂಬ ಜೀನಿಯಸ್ ಎಂದು ಹೊಗಳಿದ್ದೆ. ನನ್ನ ಟಿಸಿ ಒಂದು ವರ್ಷದ ಹಿಂದೆಯೇ, ನಾನು ಕೇಳದೆಯೇ, ಹೊಸ ಸ್ಕೂಲು ಸೇರಿತ್ತು. ಟಿಸಿ ಎಂದ ಮೇಲೆ ಅದರಲ್ಲಿ ಕಾಂಡಕ್ಟ್ ಎಂಬ ಕಾಲಂ ಒಂದಿರುತ್ತದೆ. ಅಲ್ಲಿ ಏನು ಬರೆಸಿದ್ದೀರಿ ಎಂದು ಮಾಬುಸಾಬರನ್ನು ಕೇಳದೆ, ಚಹಾ ಕುಡಿದು ಎದ್ದುಬಂದೆ.