ಚಿಕ್ಕಪ್ಪನ ಕಲ್ಲಿಗೆ ನಾನು ಕೊಟ್ಟ ಹೊಳಪು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗ್ರೈಂಡಿಂಗ್ ಮಷೀನ್ ನಡೆಸಿದವನು ನಾನು. ನನ್ನ ಕೈಗೆ ಸಿಕ್ಕ ಮೇಲೆ ಒರಟಾಗಿ ಉಳಿಯುವ ಧೈರ್ಯ ಯಾವ ಕಬ್ಬಿಣಕ್ಕೂ ಇರಲಿಲ್ಲ. ಇಂಥವನಿಗೆ ಒಂದು ಕಲ್ಲು ಯಾವ ಲೆಕ್ಕ!

ಕಲ್ಲು ನಮ್ಮ ಚಿಕ್ಕಪ್ಪನದು. ನಾನು ತೊಟ್ಟಿಲಲ್ಲಿದ್ದಾಗ ಅವರು ಯುದ್ಧಕ್ಕೆ ಹೋದರು, ಬರಲಿಲ್ಲ. ತಾತ ಅವರ ಹೆಸರು ಕೆತ್ತಿಸಿ ಮಾದನಾಯಕನಹಳ್ಳಿಯ ಹೊಲದ ಬದುವಿನಲ್ಲಿ ಕಲ್ಲು ನೆಡಿಸಿದರು. ಈಗ ಹೊಲವಿದ್ದ ಕಡೆ ಗೋಡೌನು. ಅದರ ಕಾಂಪೌಂಡಿನ ಹೊರಗೆ, ತುಮಕೂರು ರಸ್ತೆಯ ಅಂಚಿನಲ್ಲಿ, ಕಲ್ಲು ಮಾತ್ರ ಉಳಿದಿದೆ. ಅಜ್ಜಿ ಪ್ರತಿ ಯುಗಾದಿಗೂ ಮನೆಯ ಜೊತೆಗೆ ಅದಕ್ಕೂ ಸುಣ್ಣ ಬಳಿಯುತ್ತಿದ್ದರು. ಹಾಗಾಗಿ ನಾನು ಅದನ್ನು ನೋಡಿದ್ದೆನೇ ಹೊರತು ಓದಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ನನಗೆ ಮಾತಾಡಲು ಯಾರೂ ಇಲ್ಲ. ಕಲ್ಲಿನ ನೆಪದಲ್ಲಾದರೂ ನಾಲ್ಕು ಜನ ಸೇರಲಿ ಎಂಬ ಆಸೆ. 'ಭಾನುವಾರ ಮರುಪ್ರತಿಷ್ಠಾಪನೆ, ಸಕುಟುಂಬ ಸಮೇತರಾಗಿ ಆಗಮಿಸತಕ್ಕದ್ದು' ಎಂದು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದೆ. ಎಲ್ಲರೂ ಕೈಮುಗಿದರು.

ಕೈಗ್ರೈಂಡರ್ ಹಿಡಿದು ಕೂತೆ. ಸುಣ್ಣ ಹೋಯಿತು. ಕೆಳಗೆ ನೋಡಿದರೆ ಬರೀ ಗೀರು! ಗೀರು ಕಂಡರೆ ನನ್ನ ಕೈ ಸುಮ್ಮನಿರುವುದುಂಟೇ? ಮೂರು ದಿನ ಉಜ್ಜಿ ಕನ್ನಡಿ ಮಾಡಿದೆ. ಆಮೇಲೆ ಬುದ್ಧಿ ಬಂತು: ಗೀರಲ್ಲ, ಅದೇ ಚಿಕ್ಕಪ್ಪನ ಹೆಸರು! ಹೆಂಡತಿ ಇದ್ದಿದ್ದರೆ, "ಮೊದ್ಲು ಓದ್ರೀ, ಆಮೇಲೆ ಉಜ್ಜಿ" ಎನ್ನುತ್ತಿದ್ದಳು.

ಮನೆಯಲ್ಲಿ ಎಲ್ಲರೂ ಅವರನ್ನು 'ಪುಟ್ಟ' ಎಂದೇ ಕರೆಯುತ್ತಿದ್ದರಂತೆ. ನಿಜವಾದ ಹೆಸರು ಗೊತ್ತಿದ್ದವರಲ್ಲಿ ಉಳಿದವರು ನೆಲಮಂಗಲದ ದೊಡ್ಡಮ್ಮ ಒಬ್ಬರೇ. ಫೋನ್ ಮಾಡಿದೆ.

"ಅದು ನಮ್ ಮಾವನೋರ ಅಪ್ಪನ ಎಸ್ರು ಕಣೋ. ಸೊಸೆ ಆದೋಳು ಬಾಯಾಗೆ ಯೋಳಾದಾ? ಕಲ್ಲಾಗೆ ಕೆತ್ಸವ್ರಲ್ಲ, ನೋಡ್ಕೋ!"

"ಅಲ್ಲ ದೊಡ್ಡಮ್ಮ, ಬರೆದಾದ್ರೂ..."

"ಓದು ಬರಾ ಅಂಗಿದ್ರೆ ನಾನೇ ಬಂದು ಓದ್ತಿದ್ದೆ. ಬಾನ್ವಾರ ಪೋನ್ ಮಾಡಿ ಗಟ್ಟಿಯಾಗಿ ಓದು ಮಗಾ. ನಾನೇ ತುತ್ತಿಟ್ಟು ಸಾಕಿದ ಮೈದ್ನ. ಸಾಯಾಕ್ ಮುಂಚೆ ಒಂದ್ ಸಲ ಅವ್ನ ಎಸ್ರು ಕೇಳ್ಬೇಕು."

ಭಾನುವಾರ ಹತ್ತಾಯಿತು, ಹನ್ನೊಂದಾಯಿತು. ಸಕುಟುಂಬ ಸಮೇತರಾಗಿ ಬಂದವನು ನಾನೊಬ್ಬನೇ. ಗೋಡೌನಿನ ಸೆಕ್ಯೂರಿಟಿಯವನು ಬಂದು ಕಲ್ಲಿನಲ್ಲಿ ಮೀಸೆ ತಿದ್ದಿಕೊಂಡ. "ಸಕ್ಕತ್ತಾಗೈತೆ ಸಾರ್. ಯಾರ್ದು?" ಎಂದ. ನಾನು ಹಾರ ಬಿಡಿಸುವುದರಲ್ಲಿ ಮಗ್ನನಾದೆ. ಅವನು ಗೇಟಿಗೆ ಹೋದ.

ಹಾರ ಹಾಕಿದೆ. ಹಾರದೊಳಗೆ ನನ್ನದೇ ಮುಖ! ಅಷ್ಟರಲ್ಲಿ ದೊಡ್ಡಮ್ಮನೇ ಫೋನ್ ಮಾಡಿದರು. "ಓದು ಮಗಾ."

ತುಮಕೂರು ರಸ್ತೆಯಲ್ಲಿ ಒಂದು ಲಾರಿ ಹಾರ್ನ್ ಬಾರಿಸುತ್ತಾ ಬಂತು. ಅದು ಹತ್ತಿರ ಬರುವವರೆಗೂ ಕಾದು, ಏನೋ ಒಂದು ಗಟ್ಟಿಯಾಗಿ ಒದರಿದೆ.

"ಕೇಳಿಸ್ತಾ ದೊಡ್ಡಮ್ಮ?"

"ಇಲ್ಲ ಕಣೋ, ಯಾವ್ದೋ ಲಾರಿ ಬಂದ್ಬಿಡ್ತು. ಇನ್ನೊಂದ್ ಸಲ ಓದು. ನಾನು ಎಷ್ಟೊತ್ತಾದ್ರೂ ಕಾಯ್ತೀನಿ."

ನನಗೋಸ್ಕರ ಯಾರಾದರೂ ಹೀಗೆ ಕಾದು ಎಷ್ಟು ದಿನವಾಗಿತ್ತೋ! ರಸ್ತೆಯ ಎರಡೂ ಕಡೆ ನೋಡಿದೆ. ಹಗಲೂ ರಾತ್ರಿ ಪುರುಸೊತ್ತಿಲ್ಲದ ತುಮಕೂರು ರಸ್ತೆಯಲ್ಲಿ, ಆ ಹೊತ್ತಿಗೆ ಒಂದೇ ಒಂದು ಲಾರಿಯೂ ಇಲ್ಲ!